ಗಣಿತದ ಹಿಂದಿನ ದಿನ ನಾನು ಗದ್ದಲ ನಿಲ್ಲಿಸಿದ್ದು

ಪರೀಕ್ಷೆ ಬರೆಯುವುದು ಮೊಮ್ಮಗಳ ಕೆಲಸ, ಪಾಸು ಮಾಡಿಸುವುದು ನನ್ನ ಕೆಲಸ ಎಂದು ನಾನು ತಿಳಿದಿದ್ದೆ. ನಾನು ಓದಿದ್ದು ಮೂರನೇ ಇಯತ್ತೆಯ ಅರ್ಧದವರೆಗೆ. ಅಷ್ಟೇ ಓದಿದವಳಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೇಳಬೇಡಿ. ಓದಿದವರಿಗೆ ಏನು ತಪ್ಪಬಹುದು ಎಂಬುದು ಗೊತ್ತಿರುತ್ತದೆ, ಅದಕ್ಕೇ ಹೆದರುತ್ತಾರೆ. ನನಗೆ ಹೆದರಲು ಏನೂ ಗೊತ್ತಿರಲಿಲ್ಲ.

ನಮ್ಮದು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆಯ ಹೊಸ್ತಿಲು ಮುಟ್ಟಿದವರು ಯಾರೂ ಇರಲಿಲ್ಲ. ನಮ್ಮ ಮನೆಯವರು ನಾಲ್ಕನೇ ಇಯತ್ತೆ ಬಿಟ್ಟು ಎತ್ತಿನ ಹಗ್ಗ ಹಿಡಿದರು. ಮಗ ಎಂಟಕ್ಕೆ ಬಿಟ್ಟು, ಸವಣೂರಿನ ವೀಳ್ಯದೆಲೆ ತಂದು ಹಾನಗಲ್ಲ ಸಂತೆಗೆ ಹಾಕುವ ವ್ಯಾಪಾರ ಹಿಡಿದ. ನನ್ನನ್ನು ಸಾಲಿಯಿಂದ ಬಿಡಿಸಿದ್ದು ತಮ್ಮನನ್ನು ಎತ್ತಿಕೊಳ್ಳುವುದಕ್ಕೆ. ತಮ್ಮ ಕಂಕುಳಿಂದ ಇಳಿದ, ನಡೆದ, ಓಡಿದ. ನಾನು ಮಾತ್ರ ಸಾಲಿಗೆ ಮರಳಿ ಹೋಗಲಿಲ್ಲ.

ಹೀಗಿರುವಾಗ ಮೊಮ್ಮಗಳು ಲೀಲಾ ಹತ್ತಕ್ಕೆ ಬಂದಳು. ಫಲಿತಾಂಶ ಬಂದ ಮೇಲೆ ಪೇಡೆ ಹಂಚುವುದು ಲೋಕದ ಪದ್ಧತಿ. ನಾನು ಹಾಲ್ ಟಿಕೆಟ್ ಬಂದ ದಿನವೇ ಹಂಚಿದೆ. ನಮ್ಮ ಮನೆಯವರು ಒಂದು ಪೇಡೆ ಬಾಯಿಗೆ ಹಾಕಿಕೊಂಡು, ಇದು ಬರೆಯಲು ಕೊಟ್ಟ ಚೀಟಿ, ಪಾಸಾದ ಚೀಟಿ ಅಲ್ಲ ಎಂದು ತಿಳಿಸಿ ಹೇಳಿದರು. ಚೀಟಿಯ ಮೇಲೆ ಹುಡುಗಿಯ ಫೋಟೋ ಇತ್ತು, ಕೆಳಗೆ ಸಾಲಿಯವರು ಒತ್ತಿದ ಸಿಕ್ಕಾ ಇತ್ತು. ನನಗೆ ಅಷ್ಟು ಸಾಕಾಗಿತ್ತು.

ಲೀಲಾಗೆ ಎಲ್ಲ ವಿಷಯ ಸಲೀಸು, ಗಣಿತ ಒಂದು ಬಿಟ್ಟು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತ ಅವಳಿಗೆ ಕೈಕೊಟ್ಟಿತ್ತು. ಅವಳಿಗೋ ಶಿಗ್ಗಾಂವಿಯ ಕಾಲೇಜಿನಲ್ಲಿ ಸಾಯನ್ಸ್ ತೆಗೆದುಕೊಳ್ಳುವ ಆಸೆ. ಗಣಿತ ಹೋದರೆ ಮತ್ತೆ ಬರೆಯಬಹುದು, ಈಗ ಅದಕ್ಕೆಲ್ಲ ದಾರಿ ಇದೆ ಎಂದು ಮಾಸ್ತರರು ಧೈರ್ಯ ಹೇಳಿದ್ದರು. ಆದರೆ ಒಮ್ಮೆ ಮನೆಯಲ್ಲಿ ಕೂತ ಹುಡುಗಿಯನ್ನು ಕಂಡರೆ ನಮ್ಮ ಕಡೆಯ ನೆಂಟರಿಗೆ ಪುಸ್ತಕದ ನೆನಪಾಗುವುದಿಲ್ಲ, ಬೇರೇನೋ ನೆನಪಾಗುತ್ತದೆ. ಅಬಲೂರಿನಿಂದ ಸೊಸೆಯ ತವರಿನವರು ಆಗಲೇ ಎರಡು ಸಲ ಬಂದು, ಹುಡುಗಿ ಎತ್ತರ ಆಗಿದ್ದಾಳೆ ಎಂದು ಹೇಳಿ ಚಹಾ ಕುಡಿದು ಹೋಗಿದ್ದರು. ಇದು ಲೀಲಾಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗಣಿತ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅವಳು ನನಗೆ ಒಂದು ಕೆಲಸ ಹೇಳಿದಳು.

“ಆಯಿ, ಎಲ್ಲಾ ಲೆಕ್ಕ ಇನ್ನೊಮ್ಮೆ ಬಿಡಿಸಿ ನೋಡ್ಬೇಕು. ಇವತ್ತೊಂದಿನ ಗದ್ದಲ ಆಗಲಾರದಂಗ ನೋಡ್ಕೊ. ಬಾಕಿದ್ದು ನಾ ನೋಡ್ಕೋತೇನಿ.”

ಇಡೀ ವರ್ಷ ನಾನು ಅವಳ ಪುಸ್ತಕಗಳ ಸುತ್ತ ಸುಳಿದಾಡಿದ್ದೆ. ಯಾವ ಪುಟಕ್ಕೂ ಈ ಆಯಿಯ ಅಗತ್ಯ ಬಿದ್ದಿರಲಿಲ್ಲ. ಈಗ ಕೊನೆಗೆ ಒಂದು ಹುದ್ದೆ ಸಿಕ್ಕಿತು. ಸದರಿ ದಿನ, ಚಹಾ ಕುಡಿದು ಬಟ್ಟಲು ಕೆಳಗಿಟ್ಟ ಕ್ಷಣದಿಂದ ಜಾರಿಗೆ ಬರುವಂತೆ, ನಮ್ಮ ಮನೆಯಲ್ಲಿ ಸದ್ದನ್ನು ನಿಷೇಧಿಸಲಾಯಿತು!

ಮೊದಲು ಟಿವಿಯ ವಾಯರು ಕಿತ್ತು ಟ್ರಂಕಿನಲ್ಲಿಟ್ಟೆ. ಎಮ್ಮೆಯ ಕರು ಕೂಗುತ್ತದೆಂದು ಬಿಚ್ಚಿ ತಾಯಿಯ ಹತ್ತಿರ ಬಿಟ್ಟೆ. ಕೂಗು ನಿಂತಿತು. ಅಂದಿನ ಹಾಲೂ ನಿಂತಿತು. ಕುಕ್ಕರು ಸೀಟಿ ಹೊಡೆಯುವ ಮೊದಲೇ ಇಳಿಸತಕ್ಕದ್ದು ಎಂದು ಸೊಸೆ ರೇಣುಕಾಗೆ ಹೇಳಿದೆ. ಅವಳು ಹೇಳಿದ ಹಾಗೆ ಮಾಡುವ ಸೊಸೆ. ಬೇಳೆ ಬೇಯಲಿಲ್ಲ. ನಮ್ಮ ಮನೆಯವರಿಗೆ ಕೆಮ್ಮು ಬಂದರೆ ಹೊರಗಿನ ಕಟ್ಟೆಗೆ ಹೋಗಿ ಕೆಮ್ಮಿ ಬರಬೇಕು ಎಂದೆ. ಅವರು ಎರಡು ಸಲ ಹೋಗಿ ಬಂದು, ಮೂರನೆಯ ಸಲ ತಲೆದಿಂಬು ತೆಗೆದುಕೊಂಡು ಹೋಗಿ ಅಲ್ಲೇ ಉಳಿದರು.

ಆಮೇಲೆ ರೊಟ್ಟಿಯ ಪ್ರಶ್ನೆ ಬಂತು. ನಮ್ಮಲ್ಲಿ ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಅಂಗೈಯಿಂದ ಬಡಿಯುತ್ತೇವೆ. ಆ ಸದ್ದು ಓಣಿಯ ತುದಿಗೆ ಕೇಳುತ್ತದೆ. ಬಡಿಯದೆ ಮಾಡು ಎಂದೆ.

ಸೊಸೆ ಹಿಟ್ಟಿನ ಕೈಯಲ್ಲೇ ನನ್ನನ್ನು ನೋಡಿದಳು. “ಬಡೀಲಾರದ ರೊಟ್ಟಿ ಹೆಂಗ ಆಗ್ತಾವ್ರಿ ಅತ್ತಿ?”

ಒತ್ತಿ ಮಾಡು, ತಟ್ಟಿ ಮಾಡು, ಸಮಾಧಾನ ಮಾಡಿ ಮಾಡು ಎಂದು ನನಗೆ ತೋಚಿದ್ದನ್ನೆಲ್ಲ ಹೇಳಿದೆ. ಅವಳು ಒತ್ತಿದಳು. ಕಟ್ಟೆಗೆ ತಾಟು ಕಳಿಸಿದಾಗ ನಮ್ಮ ಮನೆಯವರು ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಇದನ್ನು ಉಣ್ಣಬೇಕೋ ಹೊದ್ದುಕೊಳ್ಳಬೇಕೋ ಎಂದು ವಿಚಾರಿಸಿದರಂತೆ.

ಇಷ್ಟೆಲ್ಲ ಆದ ಮೇಲೆ ಮನೆ ನಿಜವಾಗಿ ಸುಮ್ಮನಾಯಿತು. ಎಷ್ಟು ಸುಮ್ಮನಾಯಿತೆಂದರೆ, ಪಕ್ಕದ ಹಿಟ್ಟಿನ ಗಿರಣಿ ಕೇಳಿಸತೊಡಗಿತು. ಅದು ನಮ್ಮ ಮನೆಗೆ ಗೋಡೆ ಹಚ್ಚಿಯೇ ಇದೆ. ಮದುವೆಯಾಗಿ ಬಂದಾಗಿನಿಂದ ಅದರ ಸದ್ದಿನಲ್ಲೇ ಬದುಕಿದ್ದೇನೆ. ಅದು ಸದ್ದು ಎಂಬುದು ನನಗೆ ಅಂದೇ ಗೊತ್ತಾಗಿದ್ದು.

ಗಿರಣಿಯ ಮೌಲಾಸಾಬ ಒಳ್ಳೆಯವನು. ಲೀಲಾಳನ್ನು ತೆವಳುವ ದಿನಗಳಿಂದ ನೋಡಿದವನು. ಮಧ್ಯಾಹ್ನದವರೆಗೆ ಗಿರಣಿ ನಿಲ್ಲಿಸಪ್ಪಾ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಬಾಗಿಲ ಮುಂದೆ ಡಬ್ಬಿ, ಬುಟ್ಟಿ, ಚೀಲಗಳ ಪಾಳಿ ಹಚ್ಚಿತ್ತು. ಪಾಳಿಯ ಹಿಂದೆ ಓಣಿಯ ಹೆಂಗಸರೆಲ್ಲ ಇದ್ದರು. ಆದರೂ ಹುಡುಗಿಯ ಪರೀಕ್ಷೆ ಎಂದ ಮೇಲೆ ಅವನು ಇಲ್ಲ ಎನ್ನಲಿಲ್ಲ. ಗಿರಣಿ ನಿಂತಿತು.

ಈಗ ನೀವೇ ವಿಚಾರ ಮಾಡಿ. ಗಿರಣಿ ಓಡುತ್ತಿರುವಾಗ ಅದರ ಮುಂದೆ ನಿಂತ ಹೆಂಗಸರು ಮಾತಾಡುವುದಿಲ್ಲ, ಮಾತಾಡಿದರೆ ಕೇಳುವುದಿಲ್ಲ. ನಾನು ಗಿರಣಿ ನಿಲ್ಲಿಸಿದೆ. ಹಿಟ್ಟಿಲ್ಲದೆ ಮನೆಗೆ ಹೋಗುವಂತಿಲ್ಲ, ನಿಂತಲ್ಲಿ ಮಾಡಲು ಬೇರೆ ಕೆಲಸವಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಯಾಕೆ ಎಂದು ಕೇಳಿದರು.

ಒಂದೇ ಮಾತಿನಲ್ಲಿ ಹೇಳಿ ಒಳಗೆ ಹೋಗಬಹುದಿತ್ತು. ಆದರೆ ಸಂತೋಷವಾದಾಗ ನನಗೆ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಹಾಲ್ ಟಿಕೆಟ್ಟಿನಿಂದ ಶುರುಮಾಡಿದೆ. ಫೋಟೋದಲ್ಲಿ ಅವಳ ಜಡೆ ಹೇಗೆ ಬಂದಿದೆ ಎಂಬುದನ್ನು ಹೇಳಿದೆ. ಲೀಲಾ ಹುಟ್ಟಿದ ದಿನದ ಮಳೆಯನ್ನೂ ಸೇರಿಸಿದೆ. ಮಾತು ಮುಗಿಯುವಷ್ಟರಲ್ಲಿ ಪಾಳಿಯವರ ಕಣ್ಣೆಲ್ಲ ಒದ್ದೆ. ಆಗ ಎದುರು ಮನೆಯ ಫಕ್ಕೀರವ್ವ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. ಓಣಿಯಲ್ಲಿ ಯಾವ ಶುಭಕಾರ್ಯವೂ ಅವಳಿಲ್ಲದೆ ಆಗುವುದಿಲ್ಲ.

“ಲಗ್ನಕ್ಕ ಉಡಿ ತುಂಬ್ತೀವಿ, ಕುಬಸಕ್ಕ ತುಂಬ್ತೀವಿ. ಹತ್ತನೇತ್ತಾ ಅಂದ್ರ ಅದಕ್ಕಿಂತ ಕಡಿಮಿ ಆತೇನ ನೀಲವ್ವಕ್ಕಾ?”

ನನ್ನ ಮೈ ಜುಂ ಎಂದಿತು. ಇಷ್ಟು ವರ್ಷ ನಮ್ಮ ಹೆಣ್ಣುಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಹರಸಿದ್ದೆಲ್ಲ ಒಂದೋ ಗಂಡನ ಮನೆಗೆ ಕಳಿಸುವುದಕ್ಕೆ, ಇಲ್ಲವೇ ಬಸುರಿಗೆ. ಪರೀಕ್ಷೆಗೆ ಹೋಗುವ ಹುಡುಗಿಯ ಉಡಿ ತುಂಬಿದವರು ಯಾರಿದ್ದಾರೆ? ನಾವೇ ಮೊದಲಾಗೋಣ ಎಂದುಕೊಂಡೆ. ಈಗಲೂ ಆ ವಿಚಾರ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ದಿನ ಮಾತ್ರ ತಪ್ಪಿತ್ತು.

ಐದು ಮಂದಿ ಮುತ್ತೈದೆಯರು ಸಾಕು, ಸದ್ದಿಲ್ಲದೆ ಮುಗಿಸೋಣ ಎಂದು ಮಾತಾಯಿತು. ಲೀಲಾ ಪಡಸಾಲೆಯ ಮೂಲೆಯಲ್ಲಿ ಯಾವುದೋ ಲೆಕ್ಕದ ನಡುವೆ ಇದ್ದಳು. ಎಬ್ಬಿಸಿ ಮಣೆಯ ಮೇಲೆ ಕೂರಿಸಿದೆವು. ಚೂಡಿದಾರದ ಓಢಣಿಯೇ ಸೆರಗಾಯಿತು. ಅವಳು ನನ್ನ ಕಡೆ ನೋಡಿದಳು, ಮತ್ತೆ ಗಡಿಯಾರದ ಕಡೆ ನೋಡಿದಳು. ಹಿರಿಯರು ಹರಸಲು ಬಂದಾಗ ಎದ್ದು ಹೋಗುವ ಹುಡುಗಿಯಲ್ಲ ಅವಳು. ಪುಸ್ತಕವನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಉಡಿ ತುಂಬುವುದರಲ್ಲಿ ಒಂದು ತೊಡಕಿದೆ. ಈ ಮನೆಯವಳನ್ನು ಕರೆದು ಆ ಮನೆಯವಳನ್ನು ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಮೂರು ಹಬ್ಬ ಮಾತಿಲ್ಲ. ಪಾಳಿಯಲ್ಲಿದ್ದವರೆಲ್ಲ ಬಂದರು. ಬಂದವರಿಗೆ ಚಹಾ ಕೊಡಬೇಕು. ಹಾಲೆಲ್ಲ ಕರು ಕುಡಿದಿತ್ತು. ಸೊಸೆ ಮನೆಮನೆಗೆ ಹಾಲು ಕೇಳಲು ಹೋದಳು. ಹಾಲು ಕೊಟ್ಟ ಮನೆಯವರು, ಯಾಕೆ ಎಂದು ಕೇಳಿ, ಹಾಲಿನ ಹಿಂದೆಯೇ ತಾವೂ ಬಂದರು. ಕೆಳಗಿನ ಓಣಿಯವರಿಗೂ ಸುದ್ದಿ ಮುಟ್ಟಿತು. ನಿಷೇಧಾಜ್ಞೆ ಜಾರಿಯಲ್ಲಿದ್ದ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ!

ಸುಮ್ಮನೆ ಅಕ್ಕಿ ಹಾಕಿ ಹೋದವರು ಒಬ್ಬರೂ ಇಲ್ಲ. ಯಾರೂ ಪರೀಕ್ಷೆ ಬರೆದವರಲ್ಲ, ಆದರೂ ಎಲ್ಲರ ಹತ್ತಿರವೂ ಒಂದೊಂದು ಬುದ್ಧಿಮಾತು ಇತ್ತು. ಒಬ್ಬಳು ಬಲಗಾಲಿಟ್ಟು ಒಳಗೆ ಹೋಗು ಎಂದಳು. ಇನ್ನೊಬ್ಬಳು ಪಕ್ಕದವಳ ಹಾಳೆ ನೋಡಬೇಡ ಎಂದಳು, ಮತ್ತೊಬ್ಬಳು ಸಿಕ್ಕರೆ ನೋಡು ಎಂದಳು. ಲೀಲಾ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಕೊಬ್ಬರಿ ಬಟ್ಟಲುಗಳ ಭಾರಕ್ಕೆ ಓಢಣಿ ಜಗ್ಗಿತ್ತು. ಒಮ್ಮೆ ನಾನು ಬಗ್ಗಿದಾಗ ಕಿವಿಯಲ್ಲಿ ಕೇಳಿದಳು, “ಆಯಿ, ಇನ್ನ ಎಷ್ಟ ಮಂದಿ ಅದಾರ?” ಇಷ್ಟೇ, ಇನ್ನೇನು ಮುಗಿಯಿತು ಎಂದೆ. ಅವಳ ಕಣ್ಣಲ್ಲಿ ನೀರಿತ್ತು. ಹುಡುಗಿಗೆ ಎಷ್ಟು ಭಕ್ತಿ ನೋಡಿ ಎಂದು ಫಕ್ಕೀರವ್ವನಿಗೆ ತೋರಿಸಿದೆ.

ಮುಗಿಯಿತು ಎನ್ನುವಾಗ ಯಾರೋ, ತುಂಬಿದ ಉಡಿ ಬಸವಣ್ಣನಿಗೆ ತೋರಿಸದೆ ಬಿಚ್ಚಬಾರದು ಎಂದರು. ಗುಡಿ ಹತ್ತಿರವೇ ಇದೆ. ಎಲ್ಲರೂ ಹೊರಟೆವು. ಹೆಂಗಸರು ಗುಂಪಾಗಿ ಗುಡಿಗೆ ಹೊರಟರೆ ಹಾಡದೆ ಹೋಗುವುದುಂಟೇ? ಹಾಡಿದೆವು. ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವಳು ನಾನು. ಗದ್ದಲ ನೋಡಿಕೊಳ್ಳುವ ಕೆಲಸ ನನಗೆ ವಹಿಸಲಾಗಿತ್ತು ಎಂಬುದು ಆ ಹೊತ್ತಿಗೆ ನೆನಪಿನಿಂದ ಪೂರ್ತಿ ಹೋಗಿತ್ತು.

ಗುಡಿಯಲ್ಲಿ ಕಾಯಿ ಒಡೆದು, ಕುಂಕುಮ ಹಚ್ಚಲು ಹಿಂದೆ ತಿರುಗಿದರೆ ಲೀಲಾ ಇರಲಿಲ್ಲ.

ಉಡಿ ಇತ್ತು. ಓಢಣಿಯ ಗಂಟು ಫಕ್ಕೀರವ್ವನ ಕೈಯಲ್ಲಿತ್ತು. ಹಾದಿಯಲ್ಲಿ, ಇದನ್ನು ಸ್ವಲ್ಪ ಹಿಡಿದುಕೊಳ್ಳಿ ಎಂದು ಕೊಟ್ಟಳಂತೆ. ಹಾಡಿನ ಭರದಲ್ಲಿ ಫಕ್ಕೀರವ್ವ ತಿರುಗಿ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ ಆ ಕಣ್ಣೀರು ನೆನಪಾಯಿತು, ಅದು ಭಕ್ತಿಯದಲ್ಲ ಎಂಬುದು ಆಗ ತಿಳಿಯಿತು. ಪರೀಕ್ಷೆಯ ಹೆದರಿಕೆಯಲ್ಲಿ ಹುಡುಗರು ಏನೇನೋ ಮಾಡಿಕೊಳ್ಳುವುದನ್ನು ನಾವೂ ಕೇಳಿದ್ದೇವೆ. ಕುಂಕುಮ ಅಲ್ಲೇ ಬಿಟ್ಟು ಹೊರಟೆ. ಸಾಲಿಗೆ ಹೋದೆ, ಬೀಗ ಹಾಕಿತ್ತು. ಅವಳ ಗೆಳತಿಯ ಮನೆಗೆ ಹೋದೆ. ಆ ಹುಡುಗಿ ಗೋಡೆಗೆ ಮುಖ ಮಾಡಿ ಓದುತ್ತಿತ್ತು. ಅದರ ಅಜ್ಜಿ ಅಂಗಳದಲ್ಲಿ ಸುಮ್ಮನೆ ಅಕ್ಕಿ ಆರಿಸುತ್ತಿದ್ದಳು. ಬೇರೇನೂ ಮಾಡುತ್ತಿರಲಿಲ್ಲ. ಆ ಅಜ್ಜಿಯನ್ನು ನೋಡಿ ನನಗೆ ನಾಚಿಕೆಯಾಯಿತು. ಅಂಗಳದಿಂದಲೇ ಮರಳಿದೆ.

ಮನೆಯ ಹತ್ತಿರ ಬಂದಾಗ ಗಿರಣಿ ಓಡುತ್ತಿತ್ತು. ನಮ್ಮ ಮನೆಯವರು ಕಟ್ಟೆಯ ಮೇಲೆ ದಿಂಬಿಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ಹುಡುಗಿ ಕಾಣೆಯಾಗಿದ್ದಾಳೆ, ಇಲ್ಲಿ ನಿಮಗೆ ಅಡಿಕೆಯೇ ಎಂದು ನಾನು ಅಳುವುದಕ್ಕೆ ಶುರುಮಾಡಿದೆ. ಅವರು ಅಡಕೊತ್ತಿನಿಂದಲೇ ಗಿರಣಿಯ ಕಡೆ ತೋರಿಸಿದರು.

ಬಾಗಿಲಲ್ಲಿ ಮೌಲಾಸಾಬ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದ. ನಾನು ಒಳಗೆ ನುಗ್ಗಲು ಹೋದೆ. ಅವನು ಕಿವಿಯ ಹತ್ತಿರ ಬಾಯಿ ತಂದು ಹೇಳಿದ.

“ಅಕ್ಕಾರ, ಒಳಗ ಹೋಗಬ್ಯಾಡ್ರಿ. ಹುಡುಗಿ ಓದಾಕತ್ತೈತಿ. ಗದ್ದಲ ಆಕ್ಕೈತಿ.”

ಅವನ ಭುಜದ ಮೇಲಿಂದ ನೋಡಿದೆ. ಗೋಡೆಯ ಹತ್ತಿರ ಚೀಲಗಳ ಮೇಲೆ ಕಾಲು ಮಡಚಿ ಕೂತಿದ್ದಳು ನನ್ನ ಮೊಮ್ಮಗಳು. ತಲೆಗೂದಲಿಗೆ ಹಿಟ್ಟು, ಹುಬ್ಬಿಗೆ ಹಿಟ್ಟು, ನಮ್ಮ ಕುಂಕುಮದ ಮೇಲೂ ಹಿಟ್ಟು. ತೂಕದ ಹಲಗೆಯ ಮೇಲೆ ಕೂತ ಹಿಟ್ಟಿನ ಪುಡಿಯಲ್ಲಿ ಬೆರಳಿನಿಂದ ಒಂದು ತ್ರಿಕೋನ ಬರೆದಳು, ನೋಡಿದಳು, ಒರೆಸಿದಳು, ಮತ್ತೆ ಬರೆದಳು. ಲೀಲಾ ಎಂದು ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಅವಳು ತಲೆ ಎತ್ತಲಿಲ್ಲ.

ಹಾಗೇ ನಿಂತೆ. ಬಹಳ ಹೊತ್ತು ನಿಂತಿರಬೇಕು. ಬೆಳಗಿನಿಂದ ನಾನು ಸುಮ್ಮನಾಗಿಸಿದ ಮನೆಯಲ್ಲಿ ಎಲ್ಲರ ಮಾತೂ ಅವಳ ಕಿವಿಗೆ ಬಿದ್ದಿತ್ತು. ಈ ಸದ್ದಿನೊಳಗೆ ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ. ನಾನೂ ಸಹ. ಅವಳ ಮುಖ ಆಗ ಹೇಗಿತ್ತೆಂದರೆ, ಅದರಲ್ಲಿ ನಾವು ಯಾರೂ ಇರಲಿಲ್ಲ. ಹಾಗಿರುವ ಮುಖವನ್ನು ನಮ್ಮ ಮನೆಯ ಹೆಂಗಸರಲ್ಲಿ ನಾನು ಮೊದಲ ಸಲ ನೋಡಿದೆ. ಸಂತೋಷ ಉಕ್ಕಿತು. ಆದರೆ ಅದನ್ನು ಅಲ್ಲಿ ಯಾರಿಗೆ ಹೇಳುವುದು? ಹೇಳಿದರೂ ಕೇಳುವಂತಿರಲಿಲ್ಲ. ಅದೇ ಒಳ್ಳೆಯದಾಯಿತು.

ಗಿರಣಿ ಶುರುಮಾಡಿಸಿ ಅವಳನ್ನು ಅಲ್ಲಿ ಕೂರಿಸಿದವರು ನಮ್ಮ ಮನೆಯವರೇ. ಗುಡಿಯ ಹಾದಿಯಿಂದ ಹಿಂತಿರುಗಿ ಬಂದು, ಅಜ್ಜಾ ಎಲ್ಲಿ ಕೂಡಲಿ ಎಂದು ಕೇಳಿದಳಂತೆ. ಅವರಿಗೆ ದಿನವಿಡೀ ಕೆಮ್ಮು ಬಿಟ್ಟರೆ ಬೇರೆ ಕೆಲಸವಿರಲಿಲ್ಲವಾದ್ದರಿಂದ ಸರಿಯಾಗಿ ವಿಚಾರ ಮಾಡಲು ಸಾಧ್ಯವಾಗಿತ್ತು.

ಒಂದೇ ತೊಂದರೆ. ಪಾಳಿಯ ಡಬ್ಬಿಗಳು ಮುಗಿಯುತ್ತ ಬಂದಿದ್ದವು. ಕಾಳಿಲ್ಲದೆ ಗಿರಣಿ ಓಡಿಸಿದರೆ ಕಲ್ಲು ಸವೆಯುತ್ತದೆ. ನಿಲ್ಲಿಸಿದರೆ ಗುಡಿಯಿಂದ ಮರಳುತ್ತಿದ್ದ ಓಣಿಯೆಲ್ಲ ಮತ್ತೆ ಮಾತಿಗೆ ನಿಲ್ಲುತ್ತದೆ. ಮೌಲಾಸಾಬ ನನ್ನ ಮುಖ ನೋಡಿದ. ನಾನು ಓಡಿದೆ. ಮನೆಯಲ್ಲಿದ್ದ ಜೋಳದ ಚೀಲವನ್ನು ಸೊಸೆಯ ಜೊತೆ ಎಳೆದು ತಂದೆ. ಫಕ್ಕೀರವ್ವನಿಗೆ ಸಂಗತಿ ತಿಳಿಸಿದೆ. ಈ ಸಲ ಒಂದೇ ಮಾತಿನಲ್ಲಿ. ಅವಳು ತನ್ನ ಜೋಳ ತಂದಳು, ಉಳಿದವರನ್ನೂ ಹೊರಡಿಸಿದಳು. ಯಾರೂ ಬಾಯಿ ಬಿಡದೆ ಸಾಲಾಗಿ ಚೀಲ ಹೊತ್ತು ಬಂದರು. ಹೊತ್ತು ಇಳಿಯುವವರೆಗೆ ಓಣಿಯ ಕಾಳೆಲ್ಲ ಹಿಟ್ಟಾಯಿತು.

ಜೋಳದ ಹಿಟ್ಟು ಹಳತಾದರೆ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಮುಂದೆ ಎಷ್ಟೋ ದಿನ ನಮ್ಮ ಓಣಿಯಲ್ಲಿ ದುಂಡಗಿನ ರೊಟ್ಟಿ ಉಂಡವರಿಲ್ಲ. ಗಂಡಸರು ಗೊಣಗಿದರು. ಹೆಂಗಸರು ತಾಟು ಮುಂದೆ ನೂಕಿ, ಬೇಕಾದರೆ ಉಣ್ಣಿರಿ ಎಂದರು.

ಮುಚ್ಚಂಜೆಗೆ ಗಿರಣಿ ನಿಂತ ಮೇಲೆ ಲೀಲಾ ಹೊರಗೆ ಬಂದಳು. ನಾನು ಸೆರಗಿನಿಂದ ಅವಳ ಮುಖ ಒರೆಸಿದೆ. ಒರೆಸುತ್ತಿರುವಾಗಲೇ ಅವಳು ಹೇಳಿದಳು.

“ಸಿಟ್ಟಾಗಬ್ಯಾಡ ಆಯಿ. ನೀ ಭಾಳ ಖುಷಿ ಆಗಿದ್ದಿ. ನಿನ್ನ ಖುಷಿ ಮುಂದ ಕುಂತು ಓದಾಕ ನನಗ ಆಗಲಿಲ್ಲ.”

“ಲೆಕ್ಕ ಎಲ್ಲಾ ಆದೂ?”

“ಎಲ್ಲಾ ಆಗಲಿಲ್ಲ. ಆದಷ್ಟು ಆದೂ.”

ನನಗೆ ಯಾರಾದರೂ ಬೈದರೆ ಎದುರು ಮಾತಾಡುವ ಅಭ್ಯಾಸವಿದೆ. ಇದು ಬೈಗುಳವೇ ಆಗಿರಲಿಲ್ಲ. ಆ ಸಂತೋಷ ಅವಳದು ಎಂದು ನಾನು ತಿಳಿದಿದ್ದೆ. ಅದು ಮೂರನೇ ಇಯತ್ತೆಯಿಂದ ನನ್ನ ಹತ್ತಿರವೇ ಉಳಿದುಹೋಗಿದ್ದ ನನ್ನ ಸಂತೋಷ. ಖರ್ಚು ಮಾಡಲು ಜಾಗ ಸಿಕ್ಕಿರಲಿಲ್ಲ. ಸಿಕ್ಕ ಕೂಡಲೇ ಎಲ್ಲವನ್ನೂ ಹುಡುಗಿಯ ಓಢಣಿಗೆ ಹಾಕಿಬಿಟ್ಟಿದ್ದೆ. ಪಾಪ, ಅದು ಜಗ್ಗದೆ ಏನಾದೀತು.

ಮಾರನೆಯ ದಿನ ಅವಳು ಶಿಗ್ಗಾಂವಿಗೆ ಹೋಗಿ ಗಣಿತ ಬರೆದು ಬಂದಳು. ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ನಾನಂತೂ ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು ಕೂತಿದ್ದೆ.

ಉಳಿದ ವಿಷಯಗಳ ಬಗ್ಗೆ ಅಂದು ಮನೆಯಲ್ಲಿ ಸಭೆ ಸೇರಿತು. ನಮ್ಮ ಮನೆಯವರು, ಮಗ, ಸೊಸೆ ಹಾಜರಿದ್ದರು. ನನ್ನನ್ನು ಕರೆದಿರಲಿಲ್ಲ. ಪ್ರತಿ ಪರೀಕ್ಷೆಯ ಹಿಂದಿನ ದಿನ ನನ್ನನ್ನು ಸವಣೂರು ತಾಲೂಕಿನ ಹತ್ತಿಮತ್ತೂರಿಗೆ, ತಂಗಿಯ ಮನೆಗೆ ಕಳಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮಗ ತನ್ನ ಎಲೆಯ ಗಾಡಿಯಲ್ಲೇ ಬಿಟ್ಟು ಬರುತ್ತಿದ್ದ. ಎಲೆಯ ಪೆಂಡಿಗಳ ನಡುವೆ ಕೂತು ಹೋಗುವಾಗ, ಸರಕಿನ ಹಾಗೆ ನನ್ನನ್ನೂ ಸಾಗಿಸುತ್ತಿದ್ದಾರಲ್ಲ ಎಂದು ಕೆಡುಕೆನಿಸಿತು. ಆದರೆ ಹುಡುಗಿ ಆ ಹೊತ್ತಿಗೆ ಓದುತ್ತಿರುತ್ತಾಳೆ ಎಂದು ನೆನಪಾದಾಗ ನಗು ಬರುತ್ತಿತ್ತು.

ಫಲಿತಾಂಶ ಬಂದ ದಿನ ಲೀಲಾ ಮೊಬೈಲು ಹಿಡಿದು ಒಂದೊಂದೇ ವಿಷಯ ಓದಿದಳು. ಕನ್ನಡ, ವಿಜ್ಞಾನ, ಸಮಾಜ, ಇಂಗ್ಲೀಷು, ಹಿಂದಿ, ಎಲ್ಲವೂ ಮೇಲೆ. ಗಣಿತಕ್ಕೆ ಬಂದು ನಿಂತಳು. ಮಗ ಕೈಯಲ್ಲಿದ್ದ ಎಲೆಯ ಪೆಂಡಿ ಕೆಳಗಿಟ್ಟಿದ್ದ. ಸೊಸೆ ದೇವರ ಜಗಲಿಯ ಕಡೆ ತಿರುಗಿದ್ದಳು. ಹುಡುಗಿ ಎರಡು ಸಲ ನೋಡಿ, “ಪಾಸ್ ಆಗೇನಿ,” ಎಂದಳು. ಹೊಸ್ತಿಲು ದಾಟುವಷ್ಟು, ಸಾಯನ್ಸ್ ಸಿಗುವಷ್ಟು. ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ.

ನಾನು ಅತ್ತೆ, ನಕ್ಕೆ, ಪೇಡೆ ತರಿಸಿದೆ. ಈ ಸಲ ನಮ್ಮ ಮನೆಯವರು ತಾವೇ ಹಂಚಿದರು. ಹಂಚುವಾಗ ಒಂದು ವಿಷಯವನ್ನು ಎಲ್ಲರ ಗಮನಕ್ಕೆ ತಂದರು. ಎಲ್ಲಕ್ಕಿಂತ ಕಡಿಮೆ ಬಂದದ್ದು ಗಣಿತದಲ್ಲಿ; ಓದಿಸುವ ಜವಾಬ್ದಾರಿಯನ್ನು ನೀಲವ್ವ ಹೊತ್ತಿದ್ದೂ ಅದೊಂದೇ ವಿಷಯದಲ್ಲಿ. ಪೇಡೆ ತಿಂದವರೆಲ್ಲ ತಲೆ ಅಲ್ಲಾಡಿಸಿದರು. ನಾನೂ ಅಲ್ಲಾಡಿಸಿದೆ. ಇನ್ನೇನು ಮಾಡಲಿ?

ಈಗ ಲೀಲಾ ಶಿಗ್ಗಾಂವಿ ಕಾಲೇಜಿಗೆ ಹೋಗುತ್ತಾಳೆ. ಮುಂದಿನ ಪರೀಕ್ಷೆಗೆ ಯಾರೂ ಹೇಳುವ ಮೊದಲೇ ನಾನೇ ಚೀಲ ಕಟ್ಟಿಕೊಂಡು ಹೊರಡುವವಳಿದ್ದೆ. ಮೊನ್ನೆ ಹತ್ತಿಮತ್ತೂರಿನಿಂದ ತಂಗಿಯ ಫೋನು ಬಂತು. ಅವಳ ಮೊಮ್ಮಗ ಈ ವರ್ಷ ಹತ್ತಕ್ಕೆ ಬಂದಿದ್ದಾನಂತೆ. ನನ್ನ ಖುಷಿಗೆ ಪಾರವಿಲ್ಲ, ನಾನು ಬಂದು ಎಲ್ಲ ನೋಡಿಕೊಳ್ಳುತ್ತೇನೆ ಎಂದೆ. ಆ ಕಡೆಯಿಂದ ಮೊದಲು ನಮ್ಮ ಮನೆಯವರ ಕೆಮ್ಮಿನ ವಿಚಾರಣೆ ಆಯಿತು. ಆಮೇಲೆ ತಂಗಿ ಮೆಲ್ಲಗೆ, “ಅಕ್ಕಾ, ಪರೀಕ್ಷಿ ಮುಗಿದ ಮ್ಯಾಲೆ ಬಾ,” ಎಂದಳು.

ಹೀಗಾಗಿ ಬರುವ ಪರೀಕ್ಷೆಯ ದಿನಗಳಲ್ಲಿ ನನಗೆ ಇರಲು ಮನೆಯಿಲ್ಲ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು, ಈ ನಾಲ್ಕು ತಾಲೂಕುಗಳೊಳಗೆ ಒಬ್ಬ ಮುದುಕಿಯನ್ನು ಆ ಕೆಲವು ದಿನ ಇಟ್ಟುಕೊಳ್ಳುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು. ಊಟ ಏನಿದ್ದರೂ ನಡೆಯುತ್ತದೆ, ಹಾಸಿಗೆ ನಾನೇ ತರುತ್ತೇನೆ. ಆ ಮನೆಯಲ್ಲಿ ಓದುವ ಮಕ್ಕಳು ಇರಬಾರದು, ಅಷ್ಟೇ.